ಫಾರ್ಮಿನಲ್ಲಿ ಬರೆದ ತೊಂಬತ್ತೊಂದು

"ಮನಸ್ಸಿಗೆ ಅನ್ನಿಸಿತು, ಅದಕ್ಕೇ ಹಾಗೆ ಮಾಡಿದೆ" ಎನ್ನುವ ವೈದ್ಯರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಉಡುಪಿಯಿಂದ ಬಂದು ಮಲೇಷ್ಯಾದ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವಳು ನಾನು. ಕ್ಲಾಸಿನಲ್ಲಿ ಯಾರಾದರೂ "ಐ ಫೀಲ್" ಎಂದು ಶುರುಮಾಡಿದರೆ, ಫೀಲಿಂಗನ್ನು ಮನೆಯಲ್ಲಿಟ್ಟು ರೀಡಿಂಗ್ ತೆಗೆದುಕೊಂಡು ಬಾ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ.

ಕೋವಿಡ್ಡಿನ ಎರಡನೇ ವರ್ಷ. ಕಾಲೇಜು ಮುಚ್ಚಿತ್ತು. ಮನೆಯಲ್ಲೇ ಕ್ವಾರಂಟೈನ್ ಆದ ರೋಗಿಗಳಿಗೆ ದಿನವೂ ಫೋನ್ ಮಾಡಿ, ಬೆರಳಿಗೆ ಹಾಕುವ ಆಕ್ಸಿಮೀಟರಿನ ರೀಡಿಂಗ್ ಕೇಳಿ ಫಾರ್ಮ್ ತುಂಬುವ ಕೆಲಸಕ್ಕೆ ನಮ್ಮನ್ನು ಹಾಕಿದ್ದರು. ತಮಿಳು ಬರುತ್ತದೆಂದು ಪುಚೊಂಗ್ ಕಡೆಯ ತಮಿಳರೆಲ್ಲ ನನ್ನ ಪಾಲಿಗೆ ಬಂದರು. ಅವರಲ್ಲಿ ಸೆಲ್ವಂ ಒಬ್ಬ. ಕ್ಲಾಂಗ್ ಬಂದರಿನಲ್ಲಿ ಕಂಟೇನರ್ ಲಾರಿ ಓಡಿಸುವವನು, ಮಾತುಗಾರ.

ಆ ಮಧ್ಯಾಹ್ನ ಅವನ ಆಮ್ಲಜನಕ ತೊಂಬತ್ತೇಳು. ಜ್ವರವಿಲ್ಲ, ಕೆಮ್ಮಿಲ್ಲ. "ಮಾಮಕ್ ಹೋಟೆಲಿನಿಂದ ತಪೌ ಪಾರ್ಸೆಲ್ ತರಿಸಿ ಹೊಟ್ಟೆ ತುಂಬ ತಿಂದೆ ಡಾಕ್ಟರ್, ಚೆನ್ನಾಗಿದ್ದೇನೆ ಲಾ" ಎಂದು ತನ್ನ ಮಲೇಷ್ಯಾ ತಮಿಳಿನಲ್ಲಿ ಹೇಳಿ ನಕ್ಕ.

ಫೋನಿಟ್ಟೆ. ಮುಂದಿನ ಹೆಸರಿಗೆ ಹೋಗಬೇಕು, ಹೋಗಲಾಗಲಿಲ್ಲ. ಇವನನ್ನು ಮನೆಯಲ್ಲೇ ಬಿಟ್ಟರೆ ಸಾಯುತ್ತಾನೆ ಎಂದು, ಯಾರೂ ಹೇಳದೆ, ನನಗೆ ಗೊತ್ತಾಗಿಬಿಟ್ಟಿತ್ತು. ಏನೋ ನೆಪ ಹೇಳಿ ಮತ್ತೆ ಫೋನ್ ಮಾಡಿದೆ. ತೊಂಬತ್ತೇಳೇ. ಮೂರನೇ ಸಲ ಮಾಡಿದಾಗ ಅವನಿಗೇ ಗಾಬರಿಯಾಯಿತು.

ನಮ್ಮ ಮೇಲ್ವಿಚಾರಕರಾಗಿದ್ದ ಡಾ. ನಾಯಕರೂ ಊರಿನ ಕಡೆಯವರೇ. ಇವನಿಗೆ ಆಂಬುಲೆನ್ಸ್ ಕಳಿಸಲೇ ಎಂದು ಅವರನ್ನು ಕೇಳಿದೆ.

"ರೀಡಿಂಗ್ ಎಲ್ಲ ಸರಿ ಉಂಟಲ್ಲ ಮಾರಾಯ್ತಿ. ಇರುವುದು ಒಂದೇ ಆಂಬುಲೆನ್ಸ್. ಕಾರಣ ಎಂತ ಅಂತ ಬರೀತಿ?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ತೊಂಬತ್ತೈದಕ್ಕಿಂತ ಕೆಳಗಿಳಿದವರಿಗೆ ಮಾತ್ರ ಆಂಬುಲೆನ್ಸ್ ಎಂಬುದು ನಿಯಮ. ಅದನ್ನು ಇವನಿಗೆ ಕಳಿಸಿದ ಮೇಲೆ, ನಿಜವಾಗಿ ಉಸಿರಿಗೆ ಒದ್ದಾಡುವವರು ಇನ್ನೊಬ್ಬರು ಬಂದರೆ? ನಾಯಕರು ಚಹಾಕ್ಕೆಂದು ಎದ್ದು ಹೋದರು. ನಾನು ತೊಂಬತ್ತೇಳನ್ನು ಅಳಿಸಿ ತೊಂಬತ್ತೊಂದು ಎಂದು ಬರೆದೆ. ವೃತ್ತಿಯಲ್ಲಿ ನಾನು ಬರೆದ ಒಂದೇ ಸುಳ್ಳು ಅದು. ತೊಂಬತ್ತೊಂದೇ ಯಾಕೆ ಎಂದರೆ ಗೊತ್ತಿಲ್ಲ, ಕೈಗೆ ಬಂದದ್ದು ಅದು.

ಸಂಜೆ ಆಸ್ಪತ್ರೆಯಿಂದ ಫೋನ್ ಬಂತು. ಬೈಸಿಕೊಳ್ಳಲು ತಯಾರಾಗಿಯೇ ಎತ್ತಿದೆ. ಅಲ್ಲಿಗೆ ತಲುಪಿದಾಗ ಸೆಲ್ವಂನ ಆಮ್ಲಜನಕ ತೊಂಬತ್ತೊಂದು ಇತ್ತಂತೆ. ನೋಡನೋಡುತ್ತಲೇ ಇನ್ನೂ ಇಳಿದು, ಐಸಿಯುಗೆ ಹಾಕಿದ್ದರು. ಎರಡು ವಾರ ಒದ್ದಾಡಿ ಬದುಕಿಕೊಂಡ. ನಾಯಕರು ಫಾರ್ಮನ್ನು ನೋಡಿದರು, ನನ್ನ ಮುಖ ನೋಡಿದರು, ಫಾರ್ಮನ್ನು ಫೈಲಿಗೆ ಸೇರಿಸಿದರು.

ವಿವರಣೆ ಹುಡುಕದೆ ಬಿಡುವವಳಲ್ಲ ನಾನು. ಈ ರೋಗ ಒಮ್ಮೆಲೇ ಕೆಡುವುದುಂಟು. ಅವನ ಮಾತಿನ ನಡುವೆ ಉಸಿರು ತುಂಡಾದದ್ದು ಕಿವಿಗೆ ಬಿದ್ದು, ಬುದ್ಧಿಗೆ ತಿಳಿಯದೇ ಇದ್ದಿರಬಹುದು. ಇಷ್ಟರವರೆಗೆ ಸರಿ. ಆದರೆ ಆ ಸಂಖ್ಯೆ ನನಗೆ ಎಲ್ಲಿಂದ ಬಂತು? ಕಾಕತಾಳೀಯ ಎಂದು ನೂರು ಸಲ ಹೇಳಿಕೊಂಡಿದ್ದೇನೆ, ಸಮಾಧಾನವಾಗಿಲ್ಲ.

ನಿಜ ಹೇಳುತ್ತೇನೆ, ಒಳಗೊಳಗೇ ಸ್ವಲ್ಪ ಜಂಬವೂ ಬಂದಿತ್ತು. ಮುಂದಿನ ತಿಂಗಳು ಅದೂ ಇಳಿಯಿತು. ನನ್ನ ಪಟ್ಟಿಯಲ್ಲಿ ಒಬ್ಬ ಅಜ್ಜಿ ಇದ್ದರು. ಜ್ವರವಿಲ್ಲ, ರೀಡಿಂಗ್ ಚೆನ್ನಾಗಿತ್ತು, ಮೊಮ್ಮಗಳು ತಮಿಳು ಮಾತಾಡುವುದಿಲ್ಲವೆಂದು ದೂರು ಹೇಳಿದರು. ನಿಶ್ಚಿಂತೆಯಿಂದ ಫೋನಿಟ್ಟೆ. ಮರುದಿನ ಫೋನ್ ಎತ್ತಿದ್ದು ಮಗಳು. ಬೆಳಗಿನ ಜಾವ ಅಮ್ಮ ಹೋದರು ಎಂದಳು. ಆಮೇಲೆ ಕೇಳಿದಳು.

"ನಿನ್ನೆ ಅಮ್ಮನ ಹತ್ತಿರ ಅಷ್ಟು ಹೊತ್ತು ಮಾತಾಡಿದ್ರಲ್ಲ ಡಾಕ್ಟರ್, ನಿಮಗೆ ಏನೂ ಅನ್ನಿಸಲಿಲ್ವಾ?"

ಇಲ್ಲಮ್ಮ, ಏನೂ ಅನ್ನಿಸಲಿಲ್ಲ ಎಂದೆ.