ಮಾವನ ಮೆಮೊರಿ

ಬೀದಿಗೆಲ್ಲ ಟೈಪಿಂಗ್ ಮಾವನಾಗಿದ್ದವರಿಗೆ ಒಂದು ಗಟ್ಟಿ ಅನುಮಾನ: ಅಂಗಡಿಯ ಕಂಪ್ಯೂಟರಿಗೂ ತಮಗೂ ಒಟ್ಟಿಗೇ ಮೆಮೊರಿ ಕೈಕೊಟ್ಟಿದೆ. ಗುಂಡಿ ಒತ್ತಿ, ಅಂಗಡಿಯನ್ನೆಲ್ಲ ಗುಡಿಸಿ, ಹೂಕುಂಡಕ್ಕೆ ನೀರು ಹಾಕಿ ಬಂದರೂ ಪರದೆಯ ಮೇಲೆ ಉಂಗುರ ಗಿರಗಿರನೆ ಸುತ್ತುತ್ತಲೇ ಇರುತ್ತಿತ್ತು. ಮಾವನೂ ಗುರುತಿನ ಗಿರಾಕಿಯ ಹೆಸರಿಗಾಗಿ ಅಷ್ಟೇ ಹೊತ್ತು ತಲೆ ಕೆರೆದುಕೊಳ್ಳುತ್ತಿದ್ದರು. ಇಬ್ಬರಿಗೂ ನಿವೃತ್ತಿ ಕೊಟ್ಟು ಅಂಗಡಿ ಮುಚ್ಚುವುದೆಂದು ಮನಸ್ಸಿನಲ್ಲೇ ತೀರ್ಮಾನವಾಗಿತ್ತು.

"ಕೊನೇದಾಗಿ ಒಂದಿಷ್ಟು ಮೆಮೊರಿ ಹಾಕಿ ನೋಡಮ್ಮ," ಎಂದು ಅಕ್ಕನ ಮಗಳನ್ನು ಕರೆದರು; ಅವಳದು ಕಂಪ್ಯೂಟರ್ ರಿಪೇರಿ ಕೆಲಸ.

ಅವಳು ಮಾವನ ದಿನದ ಕೆಲಸಗಳನ್ನೆಲ್ಲ ತೆರೆಸಿ, ಯಾವ ಭಾಗ ಎಷ್ಟು ದುಡಿಯುತ್ತಿದೆಯೆಂದು ಪರದೆಯಲ್ಲಿ ನೋಡಿ ನಕ್ಕಳು. "ಮೆಮೊರಿ ಅರ್ಧ ಖಾಲಿ ಬಿದ್ದಿದೆ ಮಾವ. ಏದುಸಿರು ಬಿಡ್ತಿರೋದು ಹಳೇ ಹಾರ್ಡ್ ಡಿಸ್ಕು. ಎಲ್ಲಾ ಒಳಗೇ ಇದೆ, ಹುಡುಕಿ ತರೋದು ನಿಧಾನ ಅಷ್ಟೇ."

"ಎಲ್ಲಾ ಒಳಗೇ ಇದೆಯಾ?" ಮಾವ ತಮ್ಮ ತಲೆ ಮುಟ್ಟಿಕೊಂಡು ಕೇಳಿದರು.

"ನಿಮ್ಮದನ್ನ ಬಿಚ್ಚಿ ನೋಡಿಲ್ಲ ಮಾವ!"

ಹಳೆಯ ಡಿಸ್ಕಿನ ಜಾಗಕ್ಕೆ ಇಸ್ಪೀಟಿನ ಕಟ್ಟಿಗಿಂತ ತೆಳ್ಳಗಿನ, ಚುರುಕಾದ ಎಸ್‌ಎಸ್‌ಡಿ ಬಂತು. ಹಳೆಯದೆಲ್ಲ ಅದಕ್ಕೆ ನಕಲಾಯಿತು. ಮಾವ ಗುಂಡಿ ಒತ್ತಿ ಅಭ್ಯಾಸಬಲದಿಂದ ಪೊರಕೆ ಎತ್ತಿಕೊಂಡರು. ನಾಲ್ಕು ಸಲ ಪೊರಕೆ ಆಡಿಸುವಷ್ಟರಲ್ಲಿ ಪರದೆ ಝಗ್ಗನೆ ಬೆಳಗಿ, ಕಡತಗಳೆಲ್ಲ ಸಾಲಾಗಿ ನಿಂತಿದ್ದವು. ಇಷ್ಟು ವರ್ಷ ಈ ಚುರುಕು ಎಲ್ಲಿ ಅಡಗಿತ್ತು? ಮಾವ ಪೊರಕೆ ಹಿಡಿದು, ಬಾಯಿ ತೆರೆದು, ಹಾಗೇ ನಿಂತುಬಿಟ್ಟರು.

ಆಗಲೇ ಹಳೆಯ ಗಿರಾಕಿಯೊಬ್ಬರು ಬಂದರು. ಹೆಸರು ಹೊಳೆಯಲಿಲ್ಲ. ಆದರೆ ಮಾವ ಈ ಸಲ ಗಾಬರಿಯಾಗಲಿಲ್ಲ.

"ಕೂತ್ಕೊಳ್ಳಿ ಯಜಮಾನ್ರೇ," ಎಂದರು. "ನಿಮ್ಮ ಹೆಸರು ಒಳಗೇ ಇದೆ, ಬರ್ತಾ ಇದೆ. ಅಷ್ಟರಲ್ಲಿ ಅಂಗಡಿ ಗುಡಿಸಿಬಿಡ್ತೀನಿ."