ಒಂಟಿಗಾಲಿನ ಅತಿಥಿಯ ಗೃಹಪ್ರವೇಶ

ಮಲ್ಕಾಜ್‌ಗಿರಿಗೆ ಇನ್ನೂ ಹಾಲಿನವ ಬಂದಿಲ್ಲ. ಶಿವದೇವಿ ಆಗಲೇ ಮೊಣಕೈವರೆಗೆ ಸಮುದ್ರದಲ್ಲಿದ್ದಾರೆ. ಹೈದರಾಬಾದಿನಲ್ಲಿ ಎಲ್ಲಿಯ ಸಮುದ್ರ ಅನ್ನಬೇಡಿ. ನಿವೃತ್ತ ರೈಲ್ವೆ ನೌಕರ ಸುಬ್ಬರಾಯರ ನಡುಮನೆಯಲ್ಲಿ ಹನ್ನೆರಡು ವರ್ಷದಿಂದ ಒಂದು ಸಮುದ್ರ ಗಾಜಿನ ಪೆಟ್ಟಿಗೆಯೊಳಗೆ ಕೂತಿದೆ. ಇವತ್ತು ಅದನ್ನು ಜೀಡಿಮೆಟ್ಲಾ ಕಡೆಯ ಹೊಸ ಮನೆಗೆ ಸಾಗಿಸಬೇಕು. ಅಲ್ಲಿ ಇವತ್ತೇ ಗೃಹಪ್ರವೇಶ.

ಹಳೆಯ ಉಪ್ಪುನೀರಿನ ಬಹುಪಾಲು, ಕಲ್ಲು, ಮೀನು ಎಲ್ಲವೂ ಮುಚ್ಚಳದ ಡ್ರಮ್ಮು ಸೇರಿವೆ. ಉಳಿದಿರುವುದು ಒಂದೇ, ಅನಿಮೋನ್. ಕಣ್ಣಿಗೆ ಹೂವು, ಹುಟ್ಟಿನಿಂದ ಪ್ರಾಣಿ. ಕಿತ್ತಳೆ ಬಣ್ಣದ ಜೋಡಿ ಮೀನುಗಳಿಗೆ ಅದೇ ಮನೆ, ಅದೇ ಹಾಸಿಗೆ. ಅದು ಗಾಜಿಗೆ ಪಾದ ಅಂಟಿಸಿಕೊಂಡು ಕೂತುಬಿಟ್ಟಿದೆ. ಪಾದ ಹರಿದರೆ ಅದು ಸಾಯುತ್ತದೆ. ಸತ್ತರೆ ಅದರ ಕೊಳೆ ನೀರಿಗೆಲ್ಲ ವಿಷ, ಹನ್ನೆರಡು ವರ್ಷದ ಸಂಸಾರ ಒಂದೇ ದಿನಕ್ಕೆ ಖಾಲಿ.

“ಚಾಕು ತರ್ಲೇನ್ರೀ?” ಸುಬ್ಬರಾಯರು ಚಡಪಡಿಸುತ್ತಾರೆ.

“ಚಾಕು ಒಳಗಿಡ್ರಿ ಸಾಹೇಬ್ರ. ಸೊಪ್ಪು ಹೆಚ್ಚಾಕ ಬರ್ತದ.”

ಸುಬ್ಬರಾಯರ ಹೆಂಡತಿ ಸತ್ಯಭಾಮಾ ಅವರ ಚಿಂತೆ ಬೇರೆ. “ಹಾಲು ಉಕ್ಕೂದ್ರೊಳಗ ಇವು ಮನಿ ಹೊಕ್ಕಿರಬೇಕು ನೋಡವಾ. ಎಲ್ಲಾರೂ ಬಲಗಾಲಿಟ್ಟ ಬರಬೇಕು.”

“ಅಮ್ಮಾರ, ಇದಕ್ಕಿರೂದ ಒಂದ ಕಾಲು. ಎಡದ್ದೋ ಬಲದ್ದೋ ಶಿವನ ಬಲ್ಲ. ಮೊದ್ಲ ಅದು ಕಾಲು ಎತ್ತಲಿ!”

ಶಿವದೇವಿ ಐಸಿನ ತುಂಡನ್ನು ಚೀಲದಲ್ಲಿ ಕಟ್ಟಿ ಪಾದದ ಅಂಚಿಗೆ ತಾಗಿಸುತ್ತಾರೆ, ತೆಗೆಯುತ್ತಾರೆ, ಮತ್ತೆ ತಾಗಿಸುತ್ತಾರೆ. ಮುನಿದ ಸೊಸೆಯನ್ನು ಕರೆದಂತೆ ಏನೇನೋ ಗೊಣಗುತ್ತಾರೆ. ಚಳಿ ತಾಳದೆ ಅಂಚು ಮೆಲ್ಲಗೆ ಏಳುತ್ತದೆ, ಇಡೀ ಹೂವು ಜಾರಿ ಅಂಗೈಗೆ ಬರುತ್ತದೆ.

ಯಾದಗಿರಿ ಕಡೆಯವರು ಶಿವದೇವಿ. ಅಪ್ಪ ರೈಲು ಹಳಿ ರಿಪೇರಿಯ ಕೆಲಸಕ್ಕೆ ಇಲ್ಲಿಗೆ ಬಂದವರು. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ಮಗಳು ಕೋಠಿಯ ಮೀನಿನ ಅಂಗಡಿಯಲ್ಲಿ ಗಾಜು ತೊಳೆಯುತ್ತ ಈ ವಿದ್ಯೆ ಕಲಿತರು. ಈಗ ತಿಂಗಳಿಗೆ ನಾಲ್ಕೈದು ಮನೆ ಸಿಕ್ಕರೆ ಹಬ್ಬ. ಉಪ್ಪಿಗೆ ಅಂಗೈ ಒಡೆದಿದೆ, ಭಾರಕ್ಕೆ ಬೆನ್ನು ಬಾಗಿದೆ. ಗಂಡಸರು ಯಾರೂ ಬರಲಿಲ್ಲವೇ ಎಂದು ಕೇಳುವವರು ಇನ್ನೂ ಇದ್ದಾರೆ. ಬರುತ್ತಾರೆ. ಗಂಡ ಹನುಮಂತರಾಯ ಛೋಟಾ ಹಾಥಿ ಅನ್ನುವ ಪುಟ್ಟ ಟೆಂಪೊ ಓಡಿಸುತ್ತಾರೆ.

“ಇವ್ರು ಗಾಡಿ ಹೊಡದ್ರ ಡ್ರಮ್ಮಿನ ನೀರು ಅಲಗಂಗಿಲ್ರೀ. ಮನ್ಯಾಗ ಬಾಯಿ ತಗದ್ರ ಮಾತ್ರ ಸುನಾಮಿ,” ದಾರಿಯಲ್ಲಿ ಟೆಂಪೊದೊಳಗೆ ಸುಬ್ಬರಾಯರಿಗೆ ಹೇಳುತ್ತಾರೆ ಶಿವದೇವಿ. “ಒಮ್ಮೆ ಸಿಗ್ನಲ್‌ನಾಗ ಹಾವಿನಂಥಾ ಮೀನು ಜಿಗದು ಇವ್ರ ತೊಡಿ ಮ್ಯಾಲೆ ಕುಂತಿತ್ತು. ಮಾರುದ್ದ! ಚಲಾನ್ ಹಾಕಾಕ ಬಂದ ಪೊಲೀಸಪ್ಪ ಟೋಪಿ ಬಿಟ್ಟ ಓಡಿದ.”

“ಹೋದ ಸಲ ಹೇಳಿದಾಗ ಅದು ಗೇಣುದ್ದ ಇತ್ತು,” ಹನುಮಂತರಾಯ ಕನ್ನಡಿಯಲ್ಲೇ ನಗುತ್ತಾರೆ. “ನಿನ್ನ ಬಾಯಾಗ ಮೀನು ಭಾಳ ಜಲ್ದಿ ಬೆಳೀತಾವ.”

ಹೊಸ ಮನೆಯಲ್ಲಿ ನೀರು ತುಂಬಿ, ಕಲ್ಲು ಜೋಡಿಸಿ, ಮೀನು ಬಿಟ್ಟು, ಕೊನೆಗೆ ಹೂವನ್ನು ಕೂರಿಸುವ ಹೊತ್ತಿಗೆ ಆಚಾರ್ಯರು ಹೋಮಕ್ಕೆ ತುಪ್ಪ ಸುರಿಯುತ್ತಾರೆ. ಹೊಗೆ ಏಳುತ್ತದೆ. ತೊಟ್ಟಿಗೆ ಗಾಳಿ ಊದುವ ಪಂಪು ಅದೇ ಹೊಗೆಯನ್ನು ಎಳೆದು ನೀರಿಗೆ ತುಂಬಬಲ್ಲದು. ಶಿವದೇವಿ ಪಂಪು ಎತ್ತಿಕೊಂಡು ಬಾಲ್ಕನಿಗೆ ಓಡುತ್ತಾರೆ, ಅಲ್ಲಿಂದ ಉದ್ದದ ನಳಿಕೆ ಎಳೆದು ಬಾಗಿಲು ಮುಚ್ಚುತ್ತಾರೆ.

“ಏನವಾ, ದೇವರ ಹೊಗಿಗೂ ಬಾಗಿಲಾ ಹಾಕ್ತೀಯಲ್ಲ!” ಆಚಾರ್ಯರು ಹುಬ್ಬೇರಿಸುತ್ತಾರೆ.

“ದೇವ್ರು ಬೇಕ್ರೀ ಸ್ವಾಮೇರ. ಹೊಗಿ ಅಷ್ಟ ಮೀನಿಗೆ ಬ್ಯಾಡ.”

ಆದರೆ ಹೂವು ಹಿಂಡಿದ ಒರಸು ಬಟ್ಟೆಯಂತೆ ಬಿದ್ದಿದೆ. ಜೋಡಿ ಮೀನು ಮೂಲೆ ಸೇರಿವೆ. ಸುಬ್ಬರಾಯರಿಗೆ ಮಂತ್ರ ಕೇಳುತ್ತಿಲ್ಲ. “ಹೋತೇನ್ರೀ?” ಎಂದು ಪಿಸುಗುಡುತ್ತಾರೆ. ಶಿವದೇವಿ ತೊಟ್ಟಿಯ ದೀಪ ಆರಿಸಿ, ಕೈ ಕಟ್ಟಿ ಅದರ ಮುಂದೆ ಕೂರುತ್ತಾರೆ. “ಹೊಸಾ ಮನ್ಯಾಗ ನಿಮಗ ನಿದ್ದಿ ಹತ್ತತೈತೇನ್ರಿ? ಅದಕ್ಕೂ ಸ್ವಲ್ಪ ಹೊತ್ತು ಕೊಡ್ರಿ.”

ಹೋಮ ಮುಗಿಯುತ್ತದೆ. ಒಲೆಯ ಮೇಲೆ ಹಾಲು ಏರುತ್ತದೆ. ಆಗ ಒಂದು ಎಳೆ ಅಲುಗುತ್ತದೆ, ಅದರ ಪಕ್ಕ ಇನ್ನೊಂದು. ಹಿಂಡಿದ ಬಟ್ಟೆ ಉಬ್ಬುತ್ತದೆ, ಅರಳುತ್ತದೆ, ಪಾದ ಕಲ್ಲನ್ನು ಹಿಡಿಯುತ್ತದೆ. ದೊಡ್ಡ ಮೀನು ಒಂದು ಸುತ್ತು ಹಾಕಿ ಸೀದಾ ಅದರ ನಡುವೆ ನುಗ್ಗುತ್ತದೆ. ಅದರ ಹಿಂದೆ ಚಿಕ್ಕದು!

ಮನೆ ತುಂಬ ಕೇಕೆ. ಸತ್ಯಭಾಮಾ ತೊಟ್ಟಿಯ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಾರೆ. ಅತ್ತ ಹಾಲು ಯಾರೂ ನೋಡದೆ ತಾನೇ ಉಕ್ಕಿ ಒಲೆ ಆರಿಸಿದೆ.

“ಎಲ್ಲಾರಿಗೂ ಊಟಾ ಬಡಸ್ರಿ. ಇದಕ್ಕ ಮಾತ್ರ ನಾಳಿ ತನಕ ಉಪವಾಸ,” ಎನ್ನುತ್ತಾರೆ ಶಿವದೇವಿ. ಸೀಗಡಿ ತಿನ್ನುವ ಅತಿಥಿ ಇವತ್ತು ನಿರಾಹಾರಿ ಎಂದು ತಿಳಿದು ಆಚಾರ್ಯರಿಗೂ ನಗು.

ಅರಿಶಿನ ಕುಂಕುಮ, ಕುಪ್ಪಸದ ಬಟ್ಟೆ ಶಿವದೇವಿಯ ಮಡಿಲಿಗೆ ಬೀಳುತ್ತವೆ. “ಇಷ್ಟ ಮಾಡೀಯವಾ. ಆಮೇಲೆ ಜನ ನಿನ್ನ ನೆನಸ್ತಾರೇನ?” ಸತ್ಯಭಾಮಾ ಕೇಳುತ್ತಾರೆ.

“ಯಾಕ ನೆನಸ್ತಾರ್ರೀ ಅಮ್ಮಾರ? ಮೀನು ಸತ್ರ ಅಷ್ಟ ನನಗ ಫೋನ್ ಬರ್ತದ.” ಶಿವದೇವಿ ಸೆರಗಿನಿಂದ ಫೋನು ತೆಗೆದು ತೋರಿಸುತ್ತಾರೆ. “ನೋಡ್ರಿ, ಎಷ್ಟ ಸುಮ್ಮನ ಐತಿ!”