ಉಬ್ಬಿದ ಸೀಸೆ

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ, ಒತ್ತಿ ಒತ್ತಿ ಹೊಟ್ಟೆ ನೆಗ್ಗಿದ ಪ್ಲಾಸ್ಟಿಕ್ ಸೀಸೆಯೊಂದು ಕುಳಿತಿದೆ. ಅದರ ಮುಚ್ಚಳಕ್ಕೆ ತೂತು ಕೊರೆದು, ಗ್ಲೂಕೋಸ್ ಏರಿಸುವ ಕೊಳವೆ ಸಿಕ್ಕಿಸಿ, ಕೊಳವೆಯ ಇನ್ನೊಂದು ತುದಿಯನ್ನು ನೀರು ತುಂಬಿದ ಜೋಡಿ ಸೀಸೆಗೆ ಇಳಿಸಿದವನು ನಾನೇ. ಒಂದರಲ್ಲಿ ಗ್ಯಾಸು ಹುಟ್ಟಬೇಕು, ಇನ್ನೊಂದರಲ್ಲಿ ಸೋಡಾ ಆಗಬೇಕು. ಇಷ್ಟೇ ನನ್ನ ಕಾರ್ಖಾನೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ.

ಅಕ್ಕನ ಮಗಳ ಮದುವೆ ಗೊತ್ತಾದಾಗ, ಭಾರತೀನಗರದಲ್ಲಿ ನಡೆಯುವ ಬೀಗರ ಊಟಕ್ಕೆ ನಿಂಬೆ ಸೋಡಾ ನನ್ನದೇ ಎಂದು ಎಲ್ಲರೆದುರು ಸಾರಿದ್ದೆ. ಬೀಗರ ಊಟವೆಂದರೆ ನಮ್ಮ ಸೀಮೆಯಲ್ಲಿ ಮುದ್ದೆ, ಬಾಡುಗಳ ಮಹಾಪರೀಕ್ಷೆ; ತೇಗು ಬಾರದೆ ಬೀಗರು ಎಲೆ ಬಿಟ್ಟೆದ್ದರೆ ಹೆಣ್ಣಿನ ಕಡೆಯವರ ಮುಖ ಸಣ್ಣದಾಗುತ್ತದೆ.

ಗ್ಯಾಸಿಗೆ ಈಸ್ಟಿನ ಜೊತೆ ಸಕ್ಕರೆ ಬೆರೆಸಬೇಕಿತ್ತು. ಆತಗೂರಿನವನಾದ ನನಗೆ, ಆಲೆಮನೆಯ ಅಚ್ಚುಬೆಲ್ಲ ಮನೆಯಲ್ಲಿರುವಾಗ ಅಂಗಡಿಯ ಸಕ್ಕರೆ ಮುಟ್ಟುವುದು ಅವಮಾನವೆನಿಸಿ, ಬೆಲ್ಲದ ನೀರನ್ನೇ ಕಂಠಮಟ್ಟ ತುಂಬಿಸಿದೆ. ಮರುದಿನ ನೊರೆ ಉಕ್ಕಿ, ಕೊಳವೆ ಹತ್ತಿ, ಸೋಡಾ ಕಂದುಬಣ್ಣಕ್ಕೆ ತಿರುಗಿ, ಹುಳಿನಾತ ಮನೆಯನ್ನೆಲ್ಲ ತುಂಬಿತು. ಮದುವೆಯ ಮಾತಿಗೆಂದು ಅದೇ ಹೊತ್ತಿಗೆ ಬಂದ ಅಕ್ಕ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು.

“ಏನ್ಲಾ, ಬಟ್ಟಿ ಇಳಿಸ್ತಿದ್ದೀಯಾ? ಎಂಡದ ವಾಸ್ನೆ! ಮಳವಳ್ಳಿ ಬೀಗ್ರ ಮುಂದೆ ನನ್ ಮರ್ವಾದೆ ತೆಗೀಬ್ಯಾಡ ಕಣ್ಲಾ. ಅಂಗ್ಡಿ ಸೋಡಾನೇ ತರುಸ್ತೀನಿ, ಬುಡು.”

ಆ ‘ಬುಡು’ ಎದೆಗೆ ನಾಟಿತು. ಬೆಲ್ಲದ ಅಭಿಮಾನವನ್ನು ಬಿಟ್ಟೆ, ಸೋಡಾವನ್ನು ಬಿಡಲಿಲ್ಲ. ಅಡುಗೆ ಸೋಡಾಕ್ಕೆ ನಿಂಬೆಯುಪ್ಪು ಸೇರಿಸಿ ಗ್ಯಾಸು ಎಬ್ಬಿಸಿದೆ. ನೀರನ್ನು ಮಂಜುಗಡ್ಡೆಯಲ್ಲಿ ತಣಿಸಿ, ಸೀಸೆಯನ್ನು ತೋಳು ನೋಯುವ ತನಕ ಕುಲುಕಿದೆ. ಬೆಚ್ಚಗಿನ ನೀರು ಗ್ಯಾಸನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಬಿಸಿಯಾದ ತಲೆ ಮಾತನ್ನು ಹಿಡಿದಿಟ್ಟುಕೊಳ್ಳದ ಹಾಗೆ. ಅಕ್ಕನಿಗೆ ತಿರುಗಿ ಉತ್ತರ ಕೊಡದೆ ನಾನು ತಣ್ಣಗಿದ್ದದ್ದೂ ಅದೇ ವಾರ.

ಊಟದ ದಿನ ಅಂಗಡಿ ಸೋಡಾದ ಪಕ್ಕದಲ್ಲೇ ನನ್ನ ಸೀಸೆಗಳನ್ನೂ ಇಟ್ಟೆ. ಬೀಗರ ಪಂಕ್ತಿಗೆ ಹಿರಿಯರಾದ ವರನ ತಾತ ಕೈಚಾಚಿ ನನ್ನದನ್ನೇ ಎತ್ತಿಕೊಂಡಾಗ ಅಕ್ಕನ ಮುಖ ಬಿಳಿಚಿತು. ಅವರು ಕುಡಿದರು, ಕಣ್ಣು ಮುಚ್ಚಿದರು. ಆಮೇಲೆ ಇಡೀ ಪಂಕ್ತಿಯೇ ತಿರುಗಿ ನೋಡುವಂಥ ತೇಗೊಂದು ಹೊರಟಿತು.

“ಯಾವ್ ಅಂಗ್ಡೀದವ್ವಾ ಈ ಸೋಡಾ?”

ಅಕ್ಕ ಸೆರಗು ಸರಿಮಾಡಿಕೊಂಡಳು. “ಅಂಗ್ಡೀದಲ್ಲ ಯಜಮಾನ್ರೇ, ನನ್ ತಮ್ಮುಂದು!”

ಕಿಟಕಿಯ ಸೀಸೆಯನ್ನು ಈಗಲೂ ಒಮ್ಮೊಮ್ಮೆ ಒತ್ತಿ ನೋಡುತ್ತೇನೆ. ಅಂದು ಉಬ್ಬಿದ್ದು ನಾವಿಬ್ಬರು, ಈ ಸೀಸೆ ಮತ್ತು ನಾನು. ಅದು ಅಂದೇ ಇಳಿಯಿತು, ನಾನಿನ್ನೂ ಇಳಿದಿಲ್ಲ.